ಕೀಟವನ್ನು ಫ್ರಿಜ್ಜಿನಲ್ಲಿಟ್ಟು ಚಿತ್ರ ತೆಗೆಯುವುದು ಬೇಡ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಓದುಗರ ಪುಟಗಳಿಗೆ ಚಿಟ್ಟೆ, ದುಂಬಿ, ಜೀರುಂಡೆಗಳ ಚಿತ್ರಗಳು ಸಾಲುಗಟ್ಟಿ ಬರುತ್ತವೆ. ಮಕ್ಕಳೂ ಮನೆಯವರ ಮೊಬೈಲ್ ಹಿಡಿದು ತೋಟ, ಕೆರೆ ಏರಿ ಸುತ್ತುತ್ತಾರೆ. ಬಹಳ ಸಂತೋಷದ ಸಂಗತಿ. ಆದರೆ ಕೀಟ ಅಲುಗದಿರಲೆಂದು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟು, ಆಮೇಲೆ ಹೂವಿನ ಮೇಲೆ ಕೂರಿಸಿ ತೆಗೆದ ಚಿತ್ರಗಳೂ ಇವುಗಳ ಜೊತೆ ಸೇರಿಕೊಳ್ಳುತ್ತಿವೆ. ಇದು ಹಿಂಸೆ. ಇದರ ಅಗತ್ಯವೂ ಇಲ್ಲ.

ಬೆಳಗಿನ 6ರಿಂದ 8 ಗಂಟೆಯೊಳಗೆ ಹೊರಡಿ. ಚಿಟ್ಟೆಗಳಿಗೆ ಹಾರಲು ಮೈ ಬಿಸಿಯೇರಬೇಕು; ಅದಕ್ಕೇ ಎಳೆಬಿಸಿಲಿಗೆ ರೆಕ್ಕೆ ಹರಡಿ ಕೂತಿರುತ್ತವೆ. ಬಿಸಿಲೇರಿದ ಮೇಲೆ ಬೆನ್ನಟ್ಟಿ ಫಲವಿಲ್ಲ. ನಿಮ್ಮ ನೆರಳು ಕೀಟದ ಮೇಲೆ ಬೀಳದಂತೆ ಕುಕ್ಕರುಗಾಲಲ್ಲಿ ಮೆಲ್ಲಗೆ ಸರಿಯಿರಿ. ಏರೋಪ್ಲೇನ್ ಚಿಟ್ಟೆ ಎದ್ದು ಹೋದರೆ ಅಲ್ಲೇ ಅಲುಗದೆ ಕಾಯಿರಿ, ಸಾಮಾನ್ಯವಾಗಿ ಅದೇ ಕಡ್ಡಿಗೆ ವಾಪಸು ಬರುತ್ತದೆ.

ಎಲ್ಲಿ ಹುಡುಕುವುದು ಎನ್ನುವವರಿಗೆ ರಸ್ತೆ ಬದಿಯ ಒಂದು ಎಕ್ಕದ ಗಿಡ ಸಾಕು. ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳು ಅಲ್ಲಿ ಸಿಗುತ್ತದೆ: ಮೈತುಂಬ ಕಪ್ಪು, ಬಿಳಿ, ಹಳದಿ ಪಟ್ಟೆ, ಬೆನ್ನ ಮೇಲೆ ಮೂರು ಜೊತೆ ಕಪ್ಪು ಎಳೆ. ಅದು ಮೊದಲು ಎಲೆಯ ನರ ಕಡಿದು ಹಾಲಿನ ಹರಿವು ತಡೆದು, ಆಮೇಲೆ ತಿನ್ನಲು ಕೂರುತ್ತದೆ. ಚಿಗುರಿನಲ್ಲಿ ಹಳದಿ ಹೇನು, ಹೇನು ತಿನ್ನಲು ಬಂದ ಗುಲಗಂಜಿ ಹುಳು, ಹೂವಿಗೆ ಬರುವ ದಪ್ಪನೆಯ ಕಪ್ಪು ದುಂಬಿ. ಗಿಡ ಮುರಿಯಬೇಡಿ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ನೋವಿಲ್ಲದೆಯೂ ದೃಷ್ಟಿ ಮಂಜಾಗಬಹುದು. ಕೂಡಲೇ ಧಾರಾಳ ನೀರಿನಲ್ಲಿ ತೊಳೆದು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಎಲೆ ಅಡ್ಡ ಬಂದರೆ ಕೀಳುವ ಬದಲು ಬಟ್ಟೆ ಕ್ಲಿಪ್ ಹಾಕಿ ಬದಿಗೆ ಸರಿಸಿ, ಮುಗಿದ ಮೇಲೆ ಬಿಟ್ಟುಬಿಡಿ. ಆ ಎಲೆಯೇ ಹುಳುವಿಗೆ ಬಿಸಿಲಿನಿಂದಲೂ ಹಕ್ಕಿಗಳಿಂದಲೂ ಮರೆ.

ಮೊಬೈಲಿಗೆ ಸಿಕ್ಕಿಸುವ, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ 10 ಎಕ್ಸ್ ಲೆನ್ಸ್ ಫೋಕಸ್ ಆಗುವುದು ಸುಮಾರು ಎರಡೂವರೆ ಸೆಂಟಿಮೀಟರ್ ದೂರದಲ್ಲಿ. ಅಷ್ಟು ಹತ್ತಿರಕ್ಕೆ ಚಿಟ್ಟೆ ಬಿಟ್ಟುಕೊಳ್ಳುವುದಿಲ್ಲ. ಅದನ್ನು ಹೇನು, ಮೊಟ್ಟೆ, ಮರಿಹುಳುಗಳಿಗೆ ಇಟ್ಟುಕೊಳ್ಳಿ. ಚಿಟ್ಟೆಗೆ ಒಂದು ಮೊಳ ದೂರದಿಂದ ಫೋನಿನದೇ 2 ಎಕ್ಸ್ ಅಥವಾ 3 ಎಕ್ಸ್ ಝೂಮ್ ಸಾಕು. ಕ್ಯಾಮೆರಾಕ್ಕೆ ಮ್ಯಾಕ್ರೋ ಲೆನ್ಸ್ (ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್) ಇರುವವರು ಎಫ್/11 (ಲೆನ್ಸಿನ ಕಿಂಡಿಯ ಅಳತೆ; ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು), ಶಟರ್ ವೇಗ ಸೆಕೆಂಡಿನ 1/200, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 200, ಜೊತೆಗೆ ಫ್ಲಾಶ್ ಎಂದು ಶುರು ಮಾಡಬಹುದು. ಕೀಟ ತನ್ನ ನಿಜ ಗಾತ್ರದಲ್ಲೇ ಸೆನ್ಸರ್ ಮೇಲೆ ಮೂಡುವಷ್ಟು ಹತ್ತಿರ ಹೋದಾಗ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರಿನ ಆಸುಪಾಸು ಮಾತ್ರ. ಆಳ ಹೆಚ್ಚಲೆಂದು ಎಫ್/22 ಇಟ್ಟರೆ ಕಿರಿದಾದ ಕಿಂಡಿಯಲ್ಲಿ ಬೆಳಕು ಚದುರಿ (ಡಿಫ್ರಾಕ್ಷನ್) ಚಿತ್ರವಿಡೀ ಮಸುಕಾಗುತ್ತದೆ. ಆಟೋಫೋಕಸ್ ಆಫ್ ಮಾಡಿ, ಉಸಿರು ಬಿಗಿಹಿಡಿದು ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸುತ್ತ ಎಂಟು ಹತ್ತು ಚಿತ್ರ ತೆಗೆಯಿರಿ. ಒಂದರಲ್ಲಾದರೂ ಕಣ್ಣು ಚೂಪಾಗಿ ಸಿಗುತ್ತದೆ. ಗುಲಗಂಜಿ ಹುಳುವಿನ ಬೆನ್ನಿನ ಮೇಲೆ ಫ್ಲಾಶಿನ ಬಿಳಿ ಚುಕ್ಕೆ ಕಂಡರೆ ಟಿವಿ ಪೆಟ್ಟಿಗೆಯಲ್ಲಿ ಬರುವ ತೆಳು ಫೋಮ್ ಹಾಳೆಯನ್ನು ಫ್ಲಾಶಿಗೆ ಅಡ್ಡ ಕಟ್ಟಿ. ಹಾಳೆ ಅಗಲವಾಗಿದ್ದು ಕೀಟಕ್ಕೆ ಹತ್ತಿರವಿದ್ದಷ್ಟೂ ಬೆಳಕು ಮೆತ್ತಗಾಗುತ್ತದೆ.

ಬಿಸಿಲೇರಿದ ಮೇಲೆ ಕೀಟಗಳನ್ನು ಬಿಟ್ಟು ಸಂತೆಯ ಚಿತ್ರ ತೆಗೆಯಲು ಹೋಗಬಹುದು. ನೀಲಿ ಟಾರ್ಪಾಲಿನ ಕೆಳಗೆ ಮುಖವೂ ಟೊಮೆಟೊವೂ ನೀಲಿಗಟ್ಟುತ್ತವೆ. ಬಿಳಿ ಕಾಗದವೊಂದನ್ನು ಅದೇ ಬೆಳಕಿನಲ್ಲಿ ಹಿಡಿದು ಬಿಳಿ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಹೊಂದಿಸಿಕೊಳ್ಳಿ. ವ್ಯಾಪಾರಿಯನ್ನು ಕೇಳಿಯೇ ತೆಗೆಯಿರಿ.

ಪತ್ರಿಕೆಯಲ್ಲಿ ನನ್ನ ವಿನಂತಿ ಇಷ್ಟು. ಕೀಟದ ಚಿತ್ರದ ಕೆಳಗೆ ಊರು, ದಿನಾಂಕ, ಕೂತಿದ್ದ ಗಿಡದ ಹೆಸರು ಅಚ್ಚು ಹಾಕಿ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್‌ನಂಥ, ಜನರು ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣಗಳಿಗೆ ಅದೇ ಚಿತ್ರ ಸೇರಿದಾಗ ಈ ವಿವರಗಳಿಂದಲೇ ಅದು ದಾಖಲೆಯಾಗುತ್ತದೆ. ಕಾಲು ಎಲೆಯನ್ನು ಹಿಡಿಯದೆ ಮಡಚಿಕೊಂಡಿದ್ದರೆ, ಮೀಸೆ ಜೋತುಬಿದ್ದಿದ್ದರೆ, ಸುಡುಬಿಸಿಲಿನಲ್ಲೂ ಮೈತುಂಬ ನೀರಹನಿ ಕಂಡರೆ, ಕೀಟ ಫ್ರಿಜ್ಜಿನಿಂದ ಬಂದಿರಬಹುದು; ಅಚ್ಚಿಗೆ ಕಳಿಸುವ ಮುನ್ನ ಹೇಗೆ ತೆಗೆದಿರಿ ಎಂದು ಚಿತ್ರ ಕಳಿಸಿದವರನ್ನು ದಯವಿಟ್ಟು ಕೇಳಿ.

— ಒಬ್ಬ ಹವ್ಯಾಸಿ ಛಾಯಾಗ್ರಾಹಕ, ತುಮಕೂರು