ಮಗಳಿಗೊಂದು ಪತ್ರ: ಕರೆದರೆ ಯಾರು ಬರುತ್ತಾರೆ?

ದೊಮ್ಮಲೂರು, ಬೆಂಗಳೂರು

ಪ್ರೀತಿಯ ಪುಟ್ಟಿ,

ಪರದೇಶದ ಸೈನ್ಯಕ್ಕೆ ತರಬೇತಿ ಕೊಡಲು ಹೊರಡುವ ತಂಡಕ್ಕೆ ನೀನು ಹೆಸರು ಕೊಟ್ಟಿರುವುದು ತಿಳಿಯಿತು. ಹೋಗಬೇಡ ಎನ್ನುವುದಿಲ್ಲ. ಕಮಾಂಡ್ ಆಸ್ಪತ್ರೆಯ ವಾರ್ಡುಗಳಲ್ಲಿ ಸೈನಿಕರನ್ನು ನೋಡಿಕೊಂಡ ನರ್ಸ್ ನಾನು, ಸಮವಸ್ತ್ರ ತೊಟ್ಟವಳಿಗೆ ಆ ಮಾತು ಆಡಲಾರೆ. ಆದರೆ ಹೊರಡುವ ಮುಂಚೆ ನಿನ್ನ ಮೇಲಧಿಕಾರಿಗಳನ್ನು ಒಂದು ಪ್ರಶ್ನೆ ಕೇಳು. ಗಾಯವಾಗಿ ನೀವು ಕರೆದರೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ?

ಭೂತಾನಿನಲ್ಲಿ 1962ರಿಂದ ನಮ್ಮ ತರಬೇತಿ ತಂಡವಿದೆ. ನೀನು ಅಲ್ಲಿಗೆ ಹೊರಟಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಕಾಳಗ ನಡೆಯುತ್ತಿರುವ ನಾಡಿನ ಮಾತೇ ಬೇರೆ. ಅಲ್ಲಿ ಬೆರಳೆಣಿಕೆಯ ಜನ ಇನ್ನೊಬ್ಬರ ಸೈನ್ಯದೊಳಗೆ ಬದುಕಬೇಕು. ಕಾವಲು, ದಾರಿ, ಸುದ್ದಿ ಎಲ್ಲಕ್ಕೂ ಅವರನ್ನೇ ನೆಚ್ಚಿರಬೇಕು. ಫಿರಂಗಿಯೂ ಹೆಲಿಕಾಪ್ಟರೂ ಮಾತ್ರ ದೂರದಲ್ಲಿ ಕುಳಿತ ಯಾರದೋ ಅಪ್ಪಣೆಗೆ ಕಾಯುತ್ತಿರುತ್ತವೆ.

2009ರ ಸೆಪ್ಟೆಂಬರ್ 8ರಂದು ಆಫ್ಘಾನಿಸ್ತಾನದ ಕುನಾರ್ ಪ್ರಾಂತ್ಯದ ಗಂಜ್‌ಗಲ್ ಎಂಬ ಹಳ್ಳಿಯಲ್ಲಿ ಆದದ್ದು ಇದೇ. ಆಫ್ಘನ್ ಪಡೆಯ ಜೊತೆ ಹೋಗಿದ್ದ ಅಮೆರಿಕದ ತರಬೇತುದಾರರು ಹೊಂಚುದಾಳಿಗೆ ಸಿಕ್ಕಿಬಿದ್ದರು. ಫಿರಂಗಿ ಬೆಂಬಲಕ್ಕಾಗಿ ಮತ್ತೆ ಮತ್ತೆ ಮೊರೆಯಿಟ್ಟರೂ ಬೇಕಾದಷ್ಟು ಸಿಗಲಿಲ್ಲ, ಹೆಲಿಕಾಪ್ಟರ್ ಬರುವುದೂ ತಡವಾಯಿತು. ಮೂವರು ಮರೀನ್ ಯೋಧರು ಮತ್ತು ನೌಕಾಪಡೆಯ ಒಬ್ಬ ವೈದ್ಯಕೀಯ ಸಹಾಯಕ ಅಂದೇ ಸತ್ತರು. ಗಾಯಗೊಂಡ ಇನ್ನೊಬ್ಬ ಸೈನಿಕ ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ತೀರಿಕೊಂಡ. ಆಫ್ಘನ್ ಸೈನಿಕರೂ ದುಭಾಷಿಯೂ ಸತ್ತರು. ಕಮಾಂಡ್ ಕೇಂದ್ರದಲ್ಲಿದ್ದ ಅಧಿಕಾರಿಗಳ ನಿರ್ಲಕ್ಷ್ಯವನ್ನು ಆಮೇಲೆ ತನಿಖೆ ಎತ್ತಿ ಹೇಳಿತು. ಇದನ್ನು ಓದಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಆ ವರ್ಷವೇ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್, ಆಫ್ಘಾನಿಸ್ತಾನದಲ್ಲಿ ಗಂಭೀರವಾಗಿ ಗಾಯಗೊಂಡವರನ್ನು 60 ನಿಮಿಷದೊಳಗೆ ಚಿಕಿತ್ಸೆಗೆ ತಲುಪಿಸಬೇಕೆಂದು ಆದೇಶಿಸಿದ್ದರು.

ಎಂಟು ವರ್ಷಗಳ ನಂತರ, 2017ರ ಅಕ್ಟೋಬರ್ 4ರಂದು ನೈಜರ್ ದೇಶದ ಟೊಂಗೊ ಟೊಂಗೊ ಹಳ್ಳಿಯ ಬಳಿ, ಅಲ್ಲಿನ ಸೈನಿಕರ ಜೊತೆ ಹೋಗಿದ್ದ ಅಮೆರಿಕದ ತಂಡವೊಂದು ಹೊಂಚುದಾಳಿಗೆ ಸಿಕ್ಕಿ ನಾಲ್ವರು ಅಮೆರಿಕನ್ನರೂ ಐವರು ನೈಜರಿನವರೂ ಸತ್ತರು. ಕಾಳಗ ಶುರುವಾಗಿ ಸುಮಾರು ಒಂದು ಗಂಟೆ ಕಳೆದ ಮೇಲಷ್ಟೇ ಆ ತಂಡ ನೆರವು ಕೇಳಿತ್ತು. ಫ್ರಾನ್ಸಿನ ಮಿರಾಜ್ ವಿಮಾನಗಳು ಬಂದವು, ಆದರೆ ನೆಲದ ಮೇಲೆ ತಮ್ಮವರು ಯಾರು, ಶತ್ರು ಯಾರು ಎಂದು ತಿಳಿಯದೆ ಬಾಂಬ್ ಹಾಕಲಿಲ್ಲ. ನೀನು ಕರೆಯಲು ಸಂಕೋಚಪಡಬೇಡ, ಪುಟ್ಟಿ. ಮೊದಲ ಗುಂಡು ಹಾರಿದೊಡನೆ ಕರೆ. ಇಷ್ಟೊಂದು ಆಸ್ಪತ್ರೆಗಳಿರುವ ಈ ಊರಿನಲ್ಲೇ ದೊಮ್ಮಲೂರು ಮೇಲ್ಸೇತುವೆಯ ಬಳಿ ಆಂಬುಲೆನ್ಸ್ ಸಿಕ್ಕಿಕೊಂಡು ಕೂಗುವುದನ್ನು ನೀನೂ ಕೇಳಿದ್ದೀಯೆ. ರಸ್ತೆಯೇ ಇಲ್ಲದ ಕಡೆ, ಅದೂ ಮಳೆಗಾಲದಲ್ಲಿ, ಏನು ಗತಿ?

ಇನ್ನೊಂದು ಅಪಾಯದ ಬಗ್ಗೆ ಬರೆಯಲು ನನಗೆ ಇಷ್ಟವಿಲ್ಲ, ಬರೆಯದೆ ವಿಧಿಯೂ ಇಲ್ಲ. 2012ರ ಒಂದೇ ವರ್ಷದಲ್ಲಿ ಆಫ್ಘನ್ ಸಮವಸ್ತ್ರ ತೊಟ್ಟವರ ಗುಂಡಿಗೆ ಮಿತ್ರಪಡೆಗಳ 60ಕ್ಕೂ ಹೆಚ್ಚು ಜನ ಬಲಿಯಾದರು. ತರಬೇತಿಯ ಹೊತ್ತಿನಲ್ಲಿ ಒಬ್ಬ ಸಶಸ್ತ್ರ ಸೈನಿಕ ಆಫ್ಘನ್ನರ ಮೇಲೆ ಕಣ್ಣಿಟ್ಟು ನಿಲ್ಲುವ ವ್ಯವಸ್ಥೆ ಬಂತು. ಹೀಗಿದ್ದರೂ 2014ರಲ್ಲಿ ಕಾಬೂಲಿನ ಸೈನಿಕ ಅಕಾಡೆಮಿಯಲ್ಲಿ ಅಮೆರಿಕದ ಮೇಜರ್ ಜನರಲ್ ಹೆರಾಲ್ಡ್ ಗ್ರೀನ್ ಇಂಥದೇ ಗುಂಡಿಗೆ ಹತರಾದರು. ಹಂತಕರೆಲ್ಲ ಒಳನುಸುಳಿದ ಶತ್ರುಗಳಾಗಿರಲಿಲ್ಲ, ವೈಯಕ್ತಿಕ ಜಗಳ ಮತ್ತು ಅವಮಾನಗಳೂ ಹಿಂದೆ ಇದ್ದವೆಂದು ಆ ಮಿತ್ರಪಡೆಗಳನ್ನು ಮುನ್ನಡೆಸುತ್ತಿದ್ದ ಸೇನಾ ಒಕ್ಕೂಟ ನ್ಯಾಟೋ ಹೇಳಿತ್ತು. ಕಾವಲಿನವನು ಇರಲಿ, ಬೇಡವೆನ್ನಬೇಡ. ಆದರೆ ಯಾರನ್ನೂ ಅವರ ಜನರ ಎದುರು ಗದರಿಸಬೇಡ. ಅವರೊಂದಿಗೆ ಕುಳಿತು ಉಣ್ಣು. ಶಿಬಿರದಲ್ಲಿ ಗುಸುಗುಸು ಎದ್ದರೆ ಮೊದಲು ತಿಳಿಯುವುದು ದುಭಾಷಿಗೆ, ಅವನನ್ನು ಆಳಿನಂತೆ ಕಾಣಬೇಡ.

ಈ ಸಲ ರಜೆಗೆ ಬಂದಾಗ ಒಂದು ಮಧ್ಯಾಹ್ನ ನನಗಾಗಿ ಇಟ್ಟುಕೋ. ರಕ್ತ ನಿಲ್ಲಿಸುವ ಟೂರ್ನಿಕೆಟನ್ನು ಒಂದೇ ಕೈಯಲ್ಲಿ, ಕತ್ತಲಲ್ಲಿ, ನಿನ್ನ ತೊಡೆಗೆ ನೀನೇ ಬಿಗಿದುಕೊಳ್ಳುವವರೆಗೆ ನಿನ್ನನ್ನು ಬಿಡುವುದಿಲ್ಲ. ಅಲ್ಲಿಗೆ ಹೋದ ಮೇಲೆ ಅದನ್ನು ಆ ದುಭಾಷಿಗೂ ಕಲಿಸು.

ನಿನ್ನ
ಅಮ್ಮ