ಷೇರು ಕೊಳ್ಳುವ ಮುಂಚೆ ಓದು, ಪುಟ್ಟಿ

ಪುಟ್ಟಿ,

ಮೊನ್ನೆ ಫೋನಿನಲ್ಲಿ "ಅಮ್ಮಾ, ಷೇರು ಮಾರುಕಟ್ಟೆ ಕಲಿಯೋಕೆ ಯಾವ ಪುಸ್ತಕ ಓದಲಿ?" ಅಂತ ಕೇಳಿದೆಯಲ್ಲ, ಆಗ ಕೈ ತುಂಬ ಕೆಲಸ ಇತ್ತು, ಸರಿಯಾಗಿ ಹೇಳಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ.

ಮೊದಲು ನನ್ನ ಕಥೆ ಕೇಳು, ನಗಬೇಡ. ನಾನು ಮೊದಲ ಷೇರು ಕೊಂಡಾಗ ಒಂದು ಪುಟವನ್ನೂ ಓದಿರಲಿಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರು "ಮೂರೇ ತಿಂಗಳಲ್ಲಿ ಡಬಲ್" ಅಂದರು, ತಗೊಂಡೆ. ಅರ್ಧಕ್ಕೆ ಇಳಿಯಿತು. ಹಾಕಿದ ದುಡ್ಡು ವಾಪಸ್ ಬಂದರೆ ಸಾಕು, ಮಾರಿಬಿಡೋಣ ಅಂತ ಕಾದೆ. ನೂರು ಐವತ್ತಕ್ಕೆ ಇಳಿದರೆ ನಷ್ಟ ಶೇ. 50, ಆದರೆ ಐವತ್ತು ಮತ್ತೆ ನೂರಾಗಲು ಶೇ. 100 ಏರಬೇಕು. ನಿನಗೆ ಲೆಕ್ಕ ಹೇಳಿಕೊಟ್ಟವಳಿಗೇ ಇದು ಹೊಳೆದಿರಲಿಲ್ಲ, ನೋಡು.

ಎಲ್ಲ ಮುಗಿದ ಮೇಲೆ ಆ ಕಂಪನಿಯ ವಾರ್ಷಿಕ ವರದಿ ತೆರೆದೆ. ಪ್ರತಿ ವರ್ಷವೂ ಲಾಭ ತೋರಿಸಿದ್ದರು. ಆದರೆ ಕ್ಯಾಶ್ ಫ್ಲೋ ಪುಟದಲ್ಲಿ, ವ್ಯವಹಾರದಿಂದ ಕೈಗೆ ಬಂದ ನಗದು ಸತತವಾಗಿ ಮೈನಸ್. ಅಂದರೆ ಮಾಲು ಮಾರಿದ್ದಾರೆ, ದುಡ್ಡು ಬಂದಿಲ್ಲ, ಗಿರಾಕಿಗಳ ಬಾಕಿ ಬೆಳೆಯುತ್ತಲೇ ಇದೆ. ಉದ್ರಿ ಪುಸ್ತಕ ದಪ್ಪ, ಗಲ್ಲಾ ಖಾಲಿ. ನಾನು ಕೊಳ್ಳುವ ಮೊದಲೇ ಇದೆಲ್ಲ ಅಲ್ಲಿ ಅಚ್ಚಾಗಿತ್ತು! ಅದಕ್ಕೇ ಹೇಳುವುದು, ಬೇರೆ ಪುಸ್ತಕಗಳೆಲ್ಲ ಈ ಒಂದು ಪುಸ್ತಕವನ್ನು ಓದಲು ಕಲಿಯುವುದಕ್ಕೆ. ಮುಂದಿನ ಪುಟಗಳ ನಗುವ ಫೋಟೋಗಳನ್ನು ಬಿಡು. ಆಡಿಟರ್ ಏನು ಬರೆದಿದ್ದಾರೆ, ಲಾಭಕ್ಕೂ ನಗದಿಗೂ ಎಷ್ಟು ಅಂತರ, ಸಾಲ ಎಷ್ಟು, ಹಿಂದಿನ ಸಣ್ಣಕ್ಷರದ ಟಿಪ್ಪಣಿಗಳಲ್ಲಿ ಏನಿದೆ ಅಂತ ನೋಡು.

ಪುಸ್ತಕಕ್ಕೆ ಬಂದರೆ, ಬೆಂಜಮಿನ್ ಗ್ರಹಾಂ 1949ರಲ್ಲಿ ಬರೆದ 'ದಿ ಇಂಟೆಲಿಜೆಂಟ್ ಇನ್ವೆಸ್ಟರ್' ಇರಲಿ. ಸ್ವಲ್ಪ ಒಣ ಬರವಣಿಗೆ, ಮೊದಲ ಪುಟದಿಂದ ಹಿಡಿದರೆ ನಿದ್ದೆ ಬರುತ್ತದೆ. 8 ಮತ್ತು 20ನೇ ಅಧ್ಯಾಯ ಮೊದಲು ಓದು, ಗ್ರಹಾಂನ ಶಿಷ್ಯ, ಅಮೆರಿಕದ ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ ಕೂಡ ಅವೆರಡನ್ನೇ ಹೇಳುತ್ತಾರೆ. ಮಾರುಕಟ್ಟೆ ಅಂದರೆ ದಿನಾ ಬಾಗಿಲಿಗೆ ಬಂದು ಒಂದೊಂದು ಬೆಲೆ ಕೂಗುವ, ತಲೆ ಸ್ವಲ್ಪ ಅಷ್ಟಕ್ಕಷ್ಟೇ ಆದ ಪಾಲುದಾರ ಅನ್ನುತ್ತಾನೆ ಗ್ರಹಾಂ. ಇಷ್ಟ ಇದ್ದರೆ ವ್ಯಾಪಾರ ಮಾಡು, ಇಲ್ಲದಿದ್ದರೆ ಬಾಗಿಲು ಹಾಕಿಕೊ. ಅಮೆರಿಕದ ಷೇರು ಮಾರುಕಟ್ಟೆಯ 1929ರ ಕುಸಿತದಲ್ಲಿ ತಾನೇ ಕೈ ಸುಟ್ಟುಕೊಂಡವನು, ಹಾಗಾಗಿ ಮಾತಿಗೆ ತೂಕ ಇದೆ.

ಪೀಟರ್ ಲಿಂಚ್‌ನ 1989ರ 'ಒನ್ ಅಪ್ ಆನ್ ವಾಲ್ ಸ್ಟ್ರೀಟ್' ಓದಲು ಸಲೀಸು. ಆದರೆ ಅದನ್ನು ಓದಿದವರು "ನನಗೆ ಈ ಚಪ್ಪಲಿ ಇಷ್ಟ, ಹಾಗಾಗಿ ಆ ಕಂಪನಿ ಷೇರು ತಗೋತೀನಿ" ಅಂತ ಹೊರಡುತ್ತಾರೆ. ಅವನು ಹೇಳಿದ್ದು ಅದಲ್ಲ, ಇಷ್ಟವಾದದ್ದನ್ನು ಕಂಡ ಮೇಲೆ ಲೆಕ್ಕಪತ್ರ ಓದಲು ಕೂರು ಅಂತ. ಇವರಿಬ್ಬರಿಗೂ ವಿರುದ್ಧವಾಗಿ ನಿಲ್ಲುವವನು ಬರ್ಟನ್ ಮಾಲ್ಕಿಯೆಲ್. 'ಎ ರ‍್ಯಾಂಡಮ್ ವಾಕ್ ಡೌನ್ ವಾಲ್ ಸ್ಟ್ರೀಟ್' ಬಂದದ್ದು 1973ರಲ್ಲಿ. ಆರಿಸುವ ಗೋಜೇ ಬೇಡ, ಇಡೀ ಮಾರುಕಟ್ಟೆಯನ್ನೇ ಕಡಿಮೆ ಖರ್ಚಿನಲ್ಲಿ ಕೊಂಡು ಸುಮ್ನಿರು ಅನ್ನುತ್ತಾನೆ. ಇಂಡೆಕ್ಸ್ ಫಂಡ್‌ನ ದಾರಿ ಅದೇ. ನಿಜ ಹೇಳಬೇಕೆಂದರೆ, ನನ್ನ ಜಾಸ್ತಿ ದುಡ್ಡು ಈಗ ಅಲ್ಲೇ ಇದೆ.

ಬಫೆಟ್ ತನ್ನ ಷೇರುದಾರರಿಗೆ ಬರೆದ ಪತ್ರಗಳು 1977ರಿಂದ ಈಚಿನವು ಅವರ ಕಂಪನಿ ಬರ್ಕ್‌ಶೈರ್ ಹಾಥವೇಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ವಿಡಿಯೋಗಳಲ್ಲೂ ಒಳ್ಳೆಯವು ಇವೆ. ಆದರೆ ತನ್ನ ಲಾಭದ ಸ್ಕ್ರೀನ್‌ಶಾಟ್ ತೋರಿಸಿ ಕೋರ್ಸ್ ಮಾರುವವನನ್ನು ಕಂಡರೆ ಮುಂದಕ್ಕೆ ಹೋಗು. ಅಷ್ಟು ದುಡಿಯುವವನಿಗೆ ನಿನ್ನ ಫೀಸು ಯಾಕೆ ಬೇಕು, ಅಲ್ವಾ?

ಒಂದು ನೋಟ್‌ಬುಕ್ ಇಟ್ಟುಕೊ. ಕೊಳ್ಳುವ ಮುಂಚೆ ತಾರೀಖು ಹಾಕಿ, ಯಾಕೆ ಕೊಳ್ಳುತ್ತಿದ್ದೀಯ, ಏನಾದರೆ ಮಾರುತ್ತೀಯ ಅಂತ ನಾಲ್ಕು ಸಾಲು ಬರೆ. ಬರೆಯಲು ಬರದಿದ್ದರೆ ಕೊಳ್ಳಬೇಡ.

ಗ್ರಹಾಂ ಪುಸ್ತಕ ನನ್ನದನ್ನೇ ಕಳಿಸುತ್ತಿದ್ದೇನೆ, ಹೊಸದು ತಗೋಬೇಡ. ಒಳಗೆ ಆ ಕಂಪನಿಯ ಕ್ಯಾಶ್ ಫ್ಲೋ ಪುಟದ ಜೆರಾಕ್ಸ್ ಮಡಚಿಟ್ಟಿದ್ದೇನೆ. ಯಾವ ಸಾಲು ಅಂತ ಗೆರೆ ಹಾಕಿಲ್ಲ, ನೀನೇ ಹುಡುಕಿ ಫೋನ್ ಮಾಡು.

ನಿನ್ನ,
ಅಮ್ಮ