ಮಗುವಿಗೆ ಹೆಸರು

ದೋಹಾ
ಸೆಪ್ಟೆಂಬರ್ 9

ಪ್ರೀತಿಯ ಅಬ್ಬಾ, ಅಮ್ಮಿಗೆ,

ಅಸ್ಸಲಾಮು ಅಲೈಕುಮ್.

ಅಂಚೆಗೆ ಹಾಕಿದರೆ ಇದು ಶ್ರೀರಂಗಪಟ್ಟಣ ಸೇರುವಷ್ಟರಲ್ಲಿ ತಂಗಿಯ ಮಗನಿಗೆ ಹೆಸರಿಟ್ಟು ಕುರಿ ಕೊಯ್ಯುವ ಅಕೀಕಾ ಮುಗಿದಿರುತ್ತದೆ. ಅದಕ್ಕೇ ಹಾಳೆಯ ಫೋಟೊ ತೆಗೆದು ತಂಗಿಯ ಫೋನಿಗೆ ಕಳಿಸುತ್ತಿದ್ದೇನೆ, ಅವಳೇ ಓದಿ ಹೇಳಲಿ. ಮೊನ್ನೆ ನಾನು ಮಗುವಿಗೆ ಸುಹೈಲ್ ಅನ್ನುವ ಹೆಸರು ಹೇಳಿದಾಗ ನೀವು "ಸುಹೈಲಾ? ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲದ ಹೆಸರಪ್ಪ" ಅಂದು ಸುಮ್ಮನಾದಿರಿ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯವಲ್ಲ ಅನ್ನಿಸಿ ಬರೆಯಲು ಕೂತೆ.

ಅರಬ್ಬಿಯಲ್ಲಿ ಸಹ್ಲ್ ಅಂದರೆ ಸುಲಭ, ಸಲೀಸು. ಏರುತಗ್ಗಿಲ್ಲದ ಸಮನೆಲಕ್ಕೂ ಅದೇ ಮಾತು. ಇಲ್ಲಿ ಯಾರ ಮನೆಗೆ ಹೋದರೂ 'ಅಹ್ಲನ್ ವ ಸಹ್ಲನ್' ಅಂತ ಬರಮಾಡಿಕೊಳ್ಳುತ್ತಾರೆ, ಅದರೊಳಗಿರುವುದೂ ಇದೇ. ಆ ಪದವನ್ನೇ ಮುದ್ದಿಗೆ ಚಿಕ್ಕದು ಮಾಡಿದರೆ ಸುಹೈಲ್. ತಂಗಿ ಎರಡು ದಿನ ನೋವು ತಿಂದಳು. ಅಮ್ಮಿ ವರಾಂಡದ ಬೆಂಚಿನ ಮೇಲೆ ತಸ್ಬೀ ಮಣಿ ಹಿಡಿದು ಕೂತೇ ಇದ್ದರಂತೆ. ಅಷ್ಟು ಕಷ್ಟಪಡಿಸಿ ಬಂದವನನ್ನು ದಿನಕ್ಕೆ ನೂರು ಸಲ 'ಸಲೀಸು' ಅಂತ ಕರೆಯಬೇಕು ಅನ್ನುವುದು ನನ್ನ ಆಸೆ.

ಹೆಸರು ಹಳೆಯದೇ. ಮದೀನಾದಲ್ಲಿ ಪ್ರವಾದಿಯವರ ಮಸೀದಿ ಎದ್ದ ಜಾಗ ಸಹ್ಲ್, ಸುಹೈಲ್ ಎಂಬ ಇಬ್ಬರು ತಬ್ಬಲಿ ಅಣ್ಣತಮ್ಮಂದಿರದು. 628ರಲ್ಲಿ ಪ್ರವಾದಿಯವರಿಗೂ ಮಕ್ಕಾದವರಿಗೂ ಆದ ಹುದೈಬಿಯಾ ಒಪ್ಪಂದದ ಮಾತುಕತೆಗೆ ಮಕ್ಕಾದ ಕಡೆಯಿಂದ ಬಂದವರು ಸುಹೈಲ್ ಬಿನ್ ಅಮ್ರ್. ಅವರು ಬಂದದ್ದು ಕಂಡು ಪ್ರವಾದಿಯವರು, ಹೆಸರಿನ ಅರ್ಥವನ್ನೇ ಶುಭವೆಂದು ಹಿಡಿದು, ಇನ್ನು ನಿಮ್ಮ ಕೆಲಸ ಸಲೀಸಾಯಿತು ಎಂದರು. ಆಗ ಸುಹೈಲ್ ಎದುರು ಪಕ್ಷ. ಪ್ರವಾದಿಯವರು ಮಕ್ಕಾ ಗೆದ್ದ ಮೇಲೆ ಅವರು ಇಸ್ಲಾಮಿಗೆ ಬಂದರು. ಮಸೀದಿಯಲ್ಲಿ ಯಾರಾದರೂ ಕೇಳಿದರೆ ಇದನ್ನೂ ಮುಚ್ಚಿಡದೆ ಹೇಳಿ.

ಇನ್ನೊಂದು ಸುಹೈಲ್ ಇದೆ, ಅದನ್ನು ನೀವು ಆಗಲೇ ನೋಡಿದ್ದೀರಿ ಅಬ್ಬಾ. ನಾನು ಏಳನೇ ಕ್ಲಾಸು. ರಾತ್ರಿ ಹತ್ತಕ್ಕೆ ತ್ರೀ ಫೇಸ್ ಕರೆಂಟು ಕೊಡುತ್ತಿದ್ದ ಕಾಲ, ಜನವರಿಯ ಚಳಿ. ನೀವು ಕೂಳೆ ಕಬ್ಬಿಗೆ ನೀರು ಕಟ್ಟುತ್ತಿದ್ದಿರಿ, ನಾನು ಬದುವಿನ ಮೇಲೆ ಬ್ಯಾಟರಿ ಹಿಡಿದು ನಿಂತಿದ್ದೆ. ಕರೆಂಟು ಹೋಗಿ ಮೋಟಾರು ನಿಂತಿತು. ಪಕ್ಕದ ಗದ್ದೆಯ ಗೌಡರಜ್ಜ ಬಂದು, ಬ್ಯಾಟರಿ ಆರಿಸು ಅಂದು, ದಕ್ಷಿಣಕ್ಕೆ ತೆಂಗಿನ ಗರಿಗಳ ಮೇಲೆ ಉರಿಯುತ್ತಿದ್ದ ಒಂದು ಚುಕ್ಕಿ ತೋರಿಸಿದರು. "ಅಗಸ್ತ್ಯ ಕಣ್ಲಾ ಮಗ. ಕಾವೇರವ್ವನ್ನ ಕಮಂಡಲದಲ್ಲಿ ಇಟ್ಕೊಂಡಿದ್ನಲ್ಲ, ಅವ್ನೇ. ಅವ್ನು ಮೂಡುದ್ರೆ ಕದಡಿದ ನೀರು ತಿಳಿಯಾಯ್ತದೆ." ನೀವು ಗುದ್ದಲಿ ಊರಿಕೊಂಡು ಬಹಳ ಹೊತ್ತು ನೋಡಿದಿರಿ.

ಆ ಅಗಸ್ತ್ಯನೇ ಅರಬರ ಸುಹೈಲ್. ರಾತ್ರಿಯ ನಕ್ಷತ್ರಗಳಲ್ಲಿ ಲುಬ್ಧಕ (ಸಿರಿಯಸ್) ಒಂದನ್ನು ಬಿಟ್ಟರೆ ಇಷ್ಟು ಹೊಳೆಯುವುದು ಮತ್ತೊಂದಿಲ್ಲ. ಇಲ್ಲಿ ಆಗಸ್ಟ್ 24ರ ಹೊತ್ತಿಗೆ ಬೆಳಗಿನ ಜಾವ ಅದು ಮೂಡುವುದನ್ನು ಕಾಯುತ್ತಾರೆ. ಸುಹೈಲ್ ಬಂದರೆ ರಾತ್ರಿ ತಂಪಾಗುತ್ತದೆ ಅನ್ನುವ ಮಾತಿದೆ. ಈ ಬೇಸಿಗೆ ಉಂಡವರಿಗೇ ಆ ಮಾತಿನ ಬೆಲೆ ಗೊತ್ತು. ಅಲ್ಲಿ ನೀರು ತಿಳಿಯಾಗುತ್ತದೆ, ಇಲ್ಲಿ ರಾತ್ರಿ ತಣ್ಣಗಾಗುತ್ತದೆ, ಚುಕ್ಕಿ ಅದೇ. ಇವತ್ತು ಫಜರ್ ನಮಾಜಿಗೆ ಮುಂಚೆ ಮಹಡಿ ಹತ್ತಿ ನೋಡಿದೆ. ಎದುರಿನ ಕಟ್ಟಡದ ನೀರಿನ ಟ್ಯಾಂಕಿನ ಪಕ್ಕ, ಧೂಳಿನಲ್ಲಿ ಕೆಂಪಗೆ ಮಿಣುಕುತ್ತಿತ್ತು. ಇಲ್ಲಿ ಅದು ಎಷ್ಟೇ ಏರಿದರೂ ದಿಗಂತದಿಂದ 12 ಡಿಗ್ರಿ, ನಮ್ಮೂರಲ್ಲಿ 25ರ ತನಕ ಏರುತ್ತದೆ. ಈ ಊರಿಗಿಂತ ನಮ್ಮ ಗದ್ದೆಯಿಂದಲೇ ಅದು ಚೆನ್ನಾಗಿ ಕಾಣುವುದು.

ಜನನ ಪತ್ರದಲ್ಲಿ 'ಸುಹೈಲ್' ಎಂದೇ ಬರೆಸಿ, ಸೊಹೇಲ್ ಆಗದಿರಲಿ. ನನ್ನ ಹೆಸರಿನಲ್ಲಿ ಒಂದಕ್ಷರ ತಪ್ಪಿ ಪಾಸ್‌ಪೋರ್ಟಿಗೆ ನೀವು ಅಲೆದದ್ದು ಸಾಕು. ಕುರಿಯ ದುಡ್ಡು, ಮಗುವಿನ ತಲೆ ಬೋಳಿಸಿದ ಕೂದಲಿನ ತೂಕಕ್ಕೆ ದಾನ ಕೊಡುವ ಬೆಳ್ಳಿಯ ದುಡ್ಡು ತಂಗಿಯ ಖಾತೆಗೆ ಹಾಕಿದ್ದೇನೆ. ಗೌಡರಜ್ಜ ಇಲ್ಲದಿದ್ದರೂ ಅವರ ಮಗನ ಮನೆಗೆ ಒಂದು ಪಾಲು ತಪ್ಪದೆ ಕಳಿಸಿ. ಹೆಸರು ಕೇಳಿದರೆ, ಆವತ್ತು ಅಜ್ಜ ತೋರಿಸಿದ್ದೇ ಅಂತ ಹೇಳಿ.

ನಿಮ್ಮ ಮಗ